ಹತ್ತು ಸುತ್ತಿನ ಕೊಸರು

ಶಿಕಾರಿಪುರದ ಪಂಚಾಕ್ಷರಪ್ಪನವರಿಗೆ ಕೊಸರು ಹಾಕದೆ ಏನನ್ನೂ ಕೊಟ್ಟು ಗೊತ್ತಿಲ್ಲ. ಅವರ ತಂದೆ ಸಂತೆಯಲ್ಲಿ ಬೇಳೆ ಅಳೆಯುವಾಗ ಸೇರು ತುಂಬಿದ ಮೇಲೂ ಒಂದು ಹಿಡಿ ಸುರಿಯುತ್ತಿದ್ದರು. ಮಗ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟರೂ ಆ ಚಾಳಿ ಬಿಡಲಿಲ್ಲ. ಜಾಗವಿದ್ದರೆ ಒಂದೆರಡು ಸುತ್ತು ತಂತಿ ಜಾಸ್ತಿಯೇ. ನಲವತ್ತು ವರ್ಷಗಳಲ್ಲಿ ಪಕ್ಕದ ಈಸೂರಿನ ಯಾವ ಪಂಪ್‌ಸೆಟ್ಟೂ ಇದಕ್ಕೆ ತಕರಾರು ಮಾಡಿದ್ದಿಲ್ಲ.

ತಕರಾರು ಬಂದದ್ದು ಸೊರಬದ ಕಾಲೇಜಿನಿಂದ. ಅಲ್ಲಿ ಭೌತಶಾಸ್ತ್ರ ಕಲಿಸುವ ಗಂಗಾಶ್ರೀ ಮೇಡಂ, ಬಳೆಯಂಥ ಆರು ಕಪ್ಪು ಫೆರೈಟ್ ಉಂಗುರ ಕೊಟ್ಟು, ಒಂದೊಂದಕ್ಕೂ ಸರಿಯಾಗಿ ನೂರು ಸುತ್ತು ತಂತಿ ಸುತ್ತಲು ಹೇಳಿಹೋಗಿದ್ದರು. ಕಾಲೇಜಿನ ಕೆಲಸ ಅಂಗಡಿಗೆ ಬಂದದ್ದು ಅದೇ ಮೊದಲು. ಪಂಚಾಕ್ಷರಪ್ಪ ಹಿಗ್ಗಿಹೋದರು. ಹಿಗ್ಗಿದ ಕೈ ಸುಮ್ಮನಿರುತ್ತದೆಯೇ? ಒಂದೊಂದಕ್ಕೂ ಹತ್ತು ಸುತ್ತು ಕೊಸರು ಬಿತ್ತು.

ಕಾಯಿಲ್ ಒಯ್ಯಲು ಬಂದ ಮೇಡಂ, ಅಂಗೈಯಗಲದ ಮೀಟರ್ ಹಚ್ಚಿ ನೋಡಿದವರೇ ಮುಖ ಸಣ್ಣದು ಮಾಡಿದರು.

"ಐದು ಮಿಲಿಹೆನ್ರಿ ಬರ್ಬೇಕಿತ್ತು ರೀ. ಆರು ದಾಟಿದೆ. ನಾಳೆ ಮಕ್ಕಳಿಗೆ ಪ್ರಾಕ್ಟಿಕಲ್ ಪರೀಕ್ಷೆ!"

"ಹೆನ್ರಿ ಅಂದ್ರ?"

"ತೂಕಕ್ಕೆ ಕಿಲೋ ಇದ್ದ ಹಾಗೆ. ಕರೆಂಟು ಏರೋಕೆ, ಇಳಿಯೋಕೆ ಹೋದ್ರೆ ಕಾಯಿಲ್ ಅಡ್ಡಗಾಲು ಹಾಕುತ್ತಲ್ಲ, ಆ ಹಠದ ಅಳತೆ. ಅದರ ಸಾವಿರದಲ್ಲೊಂದು ಪಾಲು ಮಿಲಿಹೆನ್ರಿ."

ಮೂಲೆಯಲ್ಲಿ ಕುಳಿತು ಮೋಟಾರಿಗೆ ಹಾಕುವ ಕಾಗದ ಕತ್ತರಿಸುತ್ತಿದ್ದ ಹೆಂಡತಿ ಜಗದಾಂಬ ನಕ್ಕರು. "ನಮ್ಮ ಯಜಮಾನ್ರಿಗೆ ಮಿಲಿ ಸಾಲಂಗಿಲ್ಲ ಬಿಡ್ರಿ, ಪೂರಾ ಹೆನ್ರೀನೇ ಬೇಕು!"

ಪಂಚಾಕ್ಷರಪ್ಪನವರಿಗೆ ನಗು ಬರಲಿಲ್ಲ. "ಕೊಸರು ಹಾಕಿದ್ದೂ ತಪ್ಪೇನ್ರಿ ಮೇಡಂ? ಬರೀ ಹತ್ತು ಸುತ್ತು!"

"ಇದು ವರ್ಗದ ಲೆಕ್ಕ, ಸುತ್ತು ನೂರಕ್ಕೆ ಹತ್ತು ಹೆಚ್ಚಾದ್ರೆ ಹೆನ್ರಿ ನೂರಕ್ಕೆ ಇಪ್ಪತ್ತೊಂದು ಏರುತ್ತೆ ರೀ. ಉತ್ತರ ತಪ್ಪಿ ಮಕ್ಕಳ ಮಾರ್ಕ್ಸ್ ಹೋಗುತ್ತೆ."

ಮಕ್ಕಳ ಮಾರ್ಕ್ಸ್ ಎಂದ ಕೂಡಲೇ ಅವರ ಹಠ ಇಳಿಯಿತು. ಸಂಕಟ ಮಾತ್ರ ಇಳಿಯಲಿಲ್ಲ. ಕೊಟ್ಟ ಕೊಸರನ್ನು ಆ ಮನೆತನದಲ್ಲಿ ಯಾರೂ ವಾಪಸು ತೆಗೆದದ್ದಿಲ್ಲ. ಬೇಳೆಯ ಸೇರಿಗೆ ತಂದೆಯೇ ಕೈ ಹಾಕಿ ಒಂದು ಹಿಡಿ ಎತ್ತಿಕೊಂಡಂತೆ ಅನ್ನಿಸಿತು. ಆದರೂ ಮೊದಲ ಕಾಯಿಲಿನಿಂದ ಎಣಿಸಿ ಎಣಿಸಿ ಹತ್ತು ಸುತ್ತು ಬಿಚ್ಚಿ ಕತ್ತರಿಸಿದರು. ಮೀಟರ್ ಐದು ತೋರಿಸಿತು. ಉಳಿದ ಐದು ಕಾಯಿಲ್‌ಗಳಿಗೂ ಅದೇ ಶಿಕ್ಷೆಯಾಯಿತು.

ಮೇಡಂ ಸಮಾಧಾನದಿಂದ ಕಾಯಿಲ್‌ಗಳನ್ನು ಡಬ್ಬಿಗೆ ತುಂಬಿದರು. ಮುಚ್ಚಳ ಹಾಕುವಷ್ಟರಲ್ಲಿ ಪಂಚಾಕ್ಷರಪ್ಪ, ಕತ್ತರಿಸಿದ ಆರು ತುಂಡು ತಂತಿಯನ್ನೂ ಅಂದವಾಗಿ ಸುರುಳಿ ಮಾಡಿ ಅದರೊಳಗೆ ಇಟ್ಟರು.

"ಇದ್ಯಾಕ್ರೀ?"

"ಕೊಸರು, ಮೇಡಂ. ಇದನ್ನ ಮಾತ್ರ ಸುತ್ತಬ್ಯಾಡ್ರಿ."