ಬೀಗದಣ್ಣ ಕೋಣೆ ಬಿಟ್ಟ ದಿನ

ಅಂಚೆ ಕಚೇರಿಯ ಪಕ್ಕದ ಗೋಡೆಯ ನೆರಳಿನಲ್ಲಿ ಒಂದು ತಗಡಿನ ಪೆಟ್ಟಿಗೆ, ಪೆಟ್ಟಿಗೆಯ ಮೇಲೊಂದು ಇಕ್ಕಳ, ಹಲ್ಲು ಸವೆದ ಎರಡು ಅರ, ತಂತಿಗೆ ಪೋಣಿಸಿದ ಹಳೆಯ ಕೀಲಿಕೈಗಳ ಗೊಂಚಲು. ಇವುಗಳ ಹಿಂದೆ ಮೊಣಕಾಲು ಮಡಿಸಿ ಕುಳಿತವನೇ ಬೀಗದಣ್ಣ. ವಯಸ್ಸು ಐವತ್ತು ದಾಟಿತ್ತು. ತಲೆಗೂದಲು ಇನ್ನೂ ಕಪ್ಪಗೇ ಇತ್ತು. ಕಬ್ಬಿಣದ ಪುಡಿ ಹಿಡಿದ ಬೆರಳ ತುದಿಗಳು ಅದಕ್ಕಿಂತಲೂ ಕಪ್ಪು. ಮದುವೆಯಾಗಿರಲಿಲ್ಲ. ಏಕೆಂದು ಯಾರಾದರೂ ಕೇಳಿದರೆ, "ಊರವರ ಬಾಗಿಲೆಲ್ಲ ನಾನು ತೆಗೆದೆ, ನನಗೆ ಬಾಗಿಲು ತೆಗೆಯೋರು ಸಿಗಲಿಲ್ಲ ನೋಡಿ" ಎಂದು ಹೇಳಿ, ಕೇಳಿದವರಿಗಿಂತ ಮೊದಲು ತಾನೇ ನಗುತ್ತಿದ್ದ.

ಆ ಮಾತು ಪೂರ್ತಿ ನಿಜವಲ್ಲ. ಒಬ್ಬಳು ಬಾಗಿಲು ತೆಗೆದಿದ್ದಳು. ಬಾಡಿಗೆಗೆ ಕೋಣೆ ಹುಡುಕುತ್ತ ಅವನು ಬೀದಿ ಬೀದಿ ಅಲೆಯುತ್ತಿದ್ದ ಕಾಲದಲ್ಲಿ, ಒಂದು ಹಳೆಯ ಮನೆಯ ಕದ ತಟ್ಟಿದಾಗ ದಪ್ಪನೆಯ ಹೆಂಗಸೊಬ್ಬಳು ಬಂದು, ಅವನ ಕೈಯಲ್ಲಿದ್ದ ಪೆಟ್ಟಿಗೆ ನೋಡಿ, "ನೀನು ಬೀಗದವನಾ? ದೇವರೇ ಕಳಿಸಿದ ಹಾಗಾಯ್ತು, ಒಳಗೆ ಬಾ" ಎಂದಳು. ಅವಳ ಕಬ್ಬಿಣದ ಬೀರುವಿನ ಕೀಲಿ ಕಳೆದುಹೋಗಿತ್ತು. ಬೀಗದಣ್ಣ ಬೀರುವಿನ ಮುಂದೆ ಕುಳಿತ. ಊಟದ ಹೊತ್ತಿಗೆ ಕುಳಿತವನು ಏಳುವಾಗ ಹೊರಗೆ ಬಿಸಿಲು ಇಳಿದಿತ್ತು. ಕೂಲಿ ಬೇಡವೆಂದ. "ಕೂಲಿ ಬೇಡ ಅಂದ್ರೆ ಊಟ ಮಾಡು. ಅದೂ ಬೇಡ ಅಂದ್ರೆ ಕೋಣೆ ಇಲ್ಲ" ಎಂದಳು ಅವಳು. ಅಂದಿನಿಂದ ಅವಳು ಅವನಿಗೆ ಅಕ್ಕ. ಅಕ್ಕನಾದ ಮೇಲೆ ಅವಳ ಗಂಡ ಭಾವನಾಗದೆ ಇರುತ್ತಾರೆಯೆ? ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದು ನಿವೃತ್ತರಾಗಿದ್ದ ಆ ಭಾವನಿಗೆ ಈ ನಂಟು ಅಷ್ಟಾಗಿ ರುಚಿಸಲಿಲ್ಲ. ಆದರೂ ತಿಂಗಳ ಮೊದಲ ದಿನವೇ ಬಾಡಿಗೆ ಇಡುವ ಭಾವಮೈದುನ ಬೇಡವೆನ್ನುವಷ್ಟು ಅವರು ದಡ್ಡರಾಗಿರಲಿಲ್ಲ.

ಮನೆಯಲ್ಲಿ ಬೀದಿಯ ಕಡೆಯ ಕೋಣೆ ಬೀಗದಣ್ಣನದು. ನಡುವಿನ ಎರಡು ಕೋಣೆ ಅಕ್ಕ ಭಾವನದು. ಹಿಂದಿನ ಕೋಣೆಯಲ್ಲಿ ಒಬ್ಬ ಬಸ್ ಕಂಡಕ್ಟರ್. ಅಡುಗೆಮನೆ, ಬಚ್ಚಲು, ಅಂಗಳದ ನಲ್ಲಿ ಎಲ್ಲರಿಗೂ ಸೇರಿದ್ದು. ಯಾರ ಸ್ಟೌ ಯಾವ ಮೂಲೆಯಲ್ಲಿ, ಯಾರ ಬಕೆಟ್ ಯಾವ ಬಣ್ಣದ್ದು ಎಂಬುದೆಲ್ಲ ಜಗಳವಿಲ್ಲದೆ ನಡೆಯುತ್ತಿತ್ತು. ಬೀಗದಣ್ಣನ ಸ್ಟೌ ಮಾತ್ರ ಧೂಳು ಹಿಡಿಯಿತು. ಅವನು ಬರುವುದು ತಡವಾದ ದಿನ ಅಕ್ಕ ತಟ್ಟೆಗೆ ಬಡಿಸಿ ಮೇಲೊಂದು ತಟ್ಟೆ ಮುಚ್ಚಿಟ್ಟಿರುತ್ತಿದ್ದಳು. "ನಿನ್ನ ಕೈಯ ಕರಿ ಅನ್ನಕ್ಕೆ ಹತ್ತತ್ತೆ, ಸೋಪು ಹಾಕಿ ತೊಳ್ಕೊಳ್ಳೋ" ಎಂದು ದಿನವೂ ಬೈಯುತ್ತಿದ್ದಳು. ಬೈಗುಳ ಕೇಳದೆ ಅವನಿಗೆ ತುತ್ತು ಇಳಿಯುತ್ತಿರಲಿಲ್ಲ. ಹೀಗೆ ಆರೇಳು ವರ್ಷ ಕಳೆಯಿತು.

ಒಂದು ದಿನ ಅಕ್ಕ ಬೀರುವಿನಿಂದ ತನ್ನ ತಾಯಿಯ ಕಾಲದ ಎರಡು ಚಿನ್ನದ ಬಳೆ ತೆಗೆಯಲು ಹೋದಳು. ಬೇರೆ ಊರಿನಲ್ಲಿದ್ದ ಮಗಳು ಬರುವವಳಿದ್ದಳು, ಅವಳಿಗೆ ಕೊಡಬೇಕೆಂದಿತ್ತು. ಬಳೆ ಸುತ್ತಿಟ್ಟಿದ್ದ ಬಟ್ಟೆ ಇತ್ತು, ಬಳೆ ಇರಲಿಲ್ಲ. ಮನೆಯೆಲ್ಲ ಹುಡುಕಿದರು. ಅಕ್ಕಿಯ ಡಬ್ಬಿಯನ್ನೂ ಸುರಿದು ನೋಡಿದರು. ಬೀರುವಿನ ಬೀಗಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಗೀರು ಬಿದ್ದಿದ್ದರೆ ಕಳ್ಳ ಹೊರಗಿನವನಾಗುತ್ತಿದ್ದ.

ಯಾರೂ ಬಾಯಿಬಿಟ್ಟು ಏನೂ ಹೇಳಲಿಲ್ಲ. ಆದರೆ ಮರುದಿನವೇ ಭಾವ ಪೇಟೆಯ ಅಂಗಡಿಯವನನ್ನು ಕರೆಸಿ ಮನೆಯ ಬೀಗಗಳನ್ನೆಲ್ಲ ಬದಲಾಯಿಸಿದರು. ಬೀಗದ ಕೆಲಸದವನು ಮನೆಯಲ್ಲೇ ಇರುವಾಗ, ಅವನ ಕಣ್ಣೆದುರಿಗೇ ಇನ್ನೊಬ್ಬ ಬಂದು ಮೊಳೆ ಹೊಡೆದ. ಬೀಗದಣ್ಣ ಹೊಸಿಲ ಬಳಿ ನಿಂತು ನೋಡಿದ. ಮೊಳೆ ವಾರೆಯಾಗಿ ಕೂರುತ್ತಿತ್ತು. ಪೆಟ್ಟಿಗೆ ಎತ್ತಿಕೊಂಡು ಕೆಲಸಕ್ಕೆ ಹೊರಟ.

ಅಲ್ಲಿಂದ ಮುಂದೆ ಮುಚ್ಚಿಟ್ಟ ತಟ್ಟೆ ಇರಲಿಲ್ಲ. ಅವನ ಬಕೆಟ್ ಅಂಗಳದಲ್ಲಿ ಬೋರಲು ಬಿದ್ದಿರುತ್ತಿತ್ತು. ಅವನು ಅಡುಗೆಮನೆಗೆ ಕಾಲಿಟ್ಟರೆ ಒಳಗಿನ ಮಾತು ನಿಲ್ಲುತ್ತಿತ್ತು. ಕಂಡಕ್ಟರನಿಗೆ ಮಾತ್ರ ಇದು ಹಬ್ಬವಾಯಿತು. "ಅಣ್ಣ, ನನ್ನ ಟ್ರಂಕಲ್ಲಿ ಎರಡು ಹರಕು ಬನಿಯನ್ ಇದೆ. ಬೇಕಾದ್ರೆ ಕೇಳಿ ತೊಗೋ. ಪಾಪ, ಬೀಗಕ್ಕೆ ಯಾಕೆ ತೊಂದರೆ ಕೊಡ್ತೀಯ?" ಎನ್ನುತ್ತಿದ್ದ. ಬೀಗದಣ್ಣ ಸಿಟ್ಟಾದರೆ, "ನೋಡಿದ್ರಾ, ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ" ಎಂದು ಗೋಡೆಗೆ ಹೇಳುತ್ತಿದ್ದ.

ಅಕ್ಕ ಅವನೊಡನೆ ಮಾತು ಬಿಟ್ಟಿದ್ದಳು. ಗಂಡನ ಮಾತಿಗೆ ಕಟ್ಟುಬಿದ್ದು ಬಿಟ್ಟಿದ್ದಾಳೋ, ತಾನಾಗಿಯೇ ಬಿಟ್ಟಿದ್ದಾಳೋ ಅವನಿಗೆ ತಿಳಿಯದು. ಒಂದು ಸಂಜೆ ಗೋಡೆಯಾಚೆಯಿಂದ ಅವಳ ದನಿ ಕೇಳಿಸಿತು: "ನಿಮಗೆ ಬುದ್ಧಿ ಇದೆಯಾ? ಆ ಬೀರು ತೆಗೆಯೋಕೆ ಅವನಿಗೆ ಮಧ್ಯಾಹ್ನ ಪೂರ್ತಿ ಬೇಕಾಯ್ತು. ನಾನೇ ಎದುರಿಗೆ ಕೂತಿದ್ದೆ, ಬೆವರು ಸುರೀತಿತ್ತು. ನಾನು ಮನೆ ಬಿಟ್ಟು ಹೋಗೋದೇ ಇಲ್ಲ, ಅಷ್ಟು ಹೊತ್ತು ಅವನಿಗೆ ಯಾವಾಗ ಸಿಕ್ಕತ್ತೆ?" ಭಾವ ಏನೋ ಗೊಣಗಿದರು. "ಅವನಲ್ಲ" ಎಂದಳು ಅಕ್ಕ, ಖಂಡಿತವಾಗಿ.

ಬೀಗದಣ್ಣ ಅಂದು ಹೊಟ್ಟೆ ತುಂಬಿದವನಂತೆ ಮಲಗಿದ. ಈ ಮನೆಯಲ್ಲಿ ಇನ್ನಿರಲಾಗದು, ಸರಿ. ಆದರೆ ಅಕ್ಕನ ಮನಸ್ಸಿನಲ್ಲಿ ತನ್ನ ಹೆಸರು ಈಗ ಹೇಗಿದೆಯೋ ಹಾಗೆಯೇ ಉಳಿಸಿ ಹೊರಡಬೇಕು. ಅವನಿಗೆ ಬೇಕಾದದ್ದು ಅಷ್ಟೇ.

ಅಂಚೆ ಕಚೇರಿಗೆ ದಿನಾ ಬರುತ್ತಿದ್ದ ವಕೀಲರ ಗುಮಾಸ್ತರೊಬ್ಬರು ಅವನಿಗೆ ಪರಿಚಯ. ಅವರ ಕೈಚೀಲದ ಬೀಗವನ್ನು ಅವನು ಎಷ್ಟೋ ಸಲ ಸರಿಮಾಡಿಕೊಟ್ಟಿದ್ದ. ಅವರ ಬಳಿ ವಿಷಯ ಹೇಳಿಕೊಂಡ.

"ಕದ್ದುಮುಚ್ಚಿ ಹೋಗಬೇಡ ಮಹರಾಯ" ಎಂದರು ಗುಮಾಸ್ತರು. "ಕತ್ತಲಲ್ಲಿ ಹೋದವನನ್ನ ಓಡಿಹೋದ ಅಂತಾರೆ. ಒಂದು ತಿಂಗಳು ಮುಂಚೆ ಹೇಳು. ಹೊರಡೋ ದಿನ ಹಗಲಲ್ಲಿ, ನಾಲ್ಕು ಜನ ನೋಡೋ ಹಾಗೆ ಸಾಮಾನು ತೆಗಿ. ಕೋಣೆ ತೋರಿಸಿ ಕೀಲಿ ಕೈಗೆ ಕೊಡು. ಅಲ್ಲೀವರೆಗೂ ಆ ಕೋಣೆ ನಿಂದು. ನಿನ್ನ ಅಪ್ಪಣೆ ಇಲ್ಲದೆ ಅವರೂ ಒಳಗೆ ಬರೋ ಹಾಗಿಲ್ಲ, ಸಾಮಾನು ಹಿಡಿದಿಟ್ಕೊಳ್ಳೋ ಹಾಗೂ ಇಲ್ಲ. ತಿಳೀತಾ?"

ಬೀಗದಣ್ಣ ಹಾಗೆಯೇ ನಡೆದುಕೊಂಡ. ಹೊರಡುವ ದಿನ ಬೆಳಗ್ಗೆ ಗಂಟುಮೂಟೆ ಕಟ್ಟಿಟ್ಟು, ಪೆಟ್ಟಿಗೆಯನ್ನೂ ಅವುಗಳ ಪಕ್ಕದಲ್ಲಿಟ್ಟು, ಬಾಗಿಲಿಗೆ ಚಿಲಕವಷ್ಟೇ ಹಾಕಿ, ತಳ್ಳುಗಾಡಿ ಕರೆತರಲು ಹೋದ. ಗಾಡಿಯೊಡನೆ ಹಿಂದಿರುಗಿದಾಗ ಅವನ ಕೋಣೆಯ ಚಿಲಕಕ್ಕೆ ಹಿತ್ತಾಳೆಯ ಬಣ್ಣ ಬಳಿದ ಹೊಸ ಬೀಗವೊಂದು ತೂಗುತ್ತಿತ್ತು. ಪಕ್ಕದಲ್ಲಿ ಭಾವ ಕುರ್ಚಿ ಹಾಕಿಕೊಂಡು ಕುಳಿತಿದ್ದರು.

"ಬಳೆ ಎಲ್ಲಿ ಅಂತ ಹೇಳು, ಸಾಮಾನು ತೊಗೊಂಡು ಹೋಗು" ಎಂದರು. ಇಷ್ಟು ದಿನ ಮನೆಯಲ್ಲಿ ಉಸಿರಿನಂತೆ ಓಡಾಡುತ್ತಿದ್ದ ಮಾತು ಕೊನೆಗೂ ಬಾಯಿಗೆ ಬಂದಿತ್ತು.

"ಬೀಗದಣ್ಣನಿಗೇ ಬೀಗ" ಎಂದು ಕಂಡಕ್ಟರ್ ತನ್ನ ಬಾಗಿಲಲ್ಲಿ ನಿಂತು ನಕ್ಕ. "ಇನ್ನೇನು ಯೋಚನೆ ಅಣ್ಣ? ಊದಿದ್ರೆ ತೆರ್ಕೊಳ್ಳತ್ತೆ ನಿಂಗೆ."

ಅದು ನಿಜವೇ. ಅಂಥ ಬೀಗಕ್ಕೆ ಕೀಲಿ ಎಂಬುದೊಂದು ಮರ್ಯಾದೆಗೆ, ಅಷ್ಟೇ. ಬೀಗದಣ್ಣ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. "ನಾನು ಮುಟ್ಟಲ್ಲ ಭಾವ" ಎಂದಷ್ಟೇ ಹೇಳಿ, ಗಾಡಿಯವನನ್ನು ಅಲ್ಲೇ ನಿಲ್ಲಿಸಿ, ಗುಮಾಸ್ತರನ್ನು ಕರೆದುಕೊಂಡು ಬಂದ.

ಗುಮಾಸ್ತರು ಕನ್ನಡಕ ಏರಿಸಿ ಬೀಗವನ್ನೂ ಭಾವನನ್ನೂ ಒಂದೊಂದು ಸಲ ನೋಡಿದರು. "ಯಜಮಾನ್ರೇ, ಕಳವಾಗಿದ್ರೆ ಪೊಲೀಸರಿದ್ದಾರೆ, ದೂರು ಕೊಡಿ. ಯಾರೂ ಬೇಡ ಅನ್ನಲ್ಲ. ಆದ್ರೆ ಬಾಡಿಗೆ ತೊಗೊಂಡ ಕೋಣೆಗೆ ನೀವೇ ಬೀಗ ಹಾಕಿ ಒಬ್ಬನ ಹೊಟ್ಟೆಪಾಡಿನ ಸಾಮಾನು ತಡೆದ್ರೆ, ಮೊದಲು ನೀವು ಉತ್ತರ ಹೇಳಬೇಕಾಗತ್ತೆ. ವಯಸ್ಸಾದ ಕಾಲಕ್ಕೆ ಬೇಕಾ ಇದು?"

ಭಾವ ಜಗಳಗಂಟರಲ್ಲ, ಪುಕ್ಕಲರು. ಪೊಲೀಸ್ ಎಂದೊಡನೆ ಜೇಬಿಗೆ ಕೈಹಾಕಿ ಕೀಲಿ ತೆಗೆದರು. ಬೀಗಕ್ಕೆ ತೂರಿಸಿದರು. ಕೀಲಿ ತಿರುಗಲಿಲ್ಲ. ಬಲವಾಗಿ ತಿರುಗಿಸಿದರು. ಅರ್ಧ ಕೀಲಿ ಕೈಗೆ ಬಂತು, ಅರ್ಧ ಬೀಗದೊಳಗೇ ಉಳಿಯಿತು.

"ಸುತ್ತಿಗೆ ತರ್ತೀನಿ" ಎಂದ ಕಂಡಕ್ಟರ್.

"ತಾ. ಯಜಮಾನ್ರೇ ಒಡೀಲಿ, ಹಾಕಿದವರು ಅವರೇ" ಎಂದರು ಗುಮಾಸ್ತರು.

"ಹೊಸ ಬೀಗ" ಎಂದು ಭಾವ ಸಂಕಟಪಟ್ಟರು.

ಆಗ ನಡುಮನೆಯಿಂದ ಅಕ್ಕ ಬಂದಳು. ಬೀಗ ನೋಡಿದಳು, ಗಂಡನ ಕೈಯ ತುಂಡು ನೋಡಿದಳು. ಆಮೇಲೆ ಬೀಗದಣ್ಣನ ಕಡೆ ತಿರುಗಿ, "ನೀನೇ ತೆಗೆದುಬಿಡೋ" ಎಂದಳು.

ಎಷ್ಟೋ ದಿನಗಳ ಮೇಲೆ ಅವಳು ಆಡಿದ ಮೊದಲ ಮಾತು. ಬೀಗದಣ್ಣನ ಎದೆ ಉಬ್ಬಿ ಬಂತು. "ಪೆಟ್ಟಿಗೆ ಒಳಗಿದೆ ಅಕ್ಕ. ಒಂದು ಹೇರ್‌ಪಿನ್ ಕೊಡಿ" ಎಂದ. ಅವಳು ತುರುಬಿನಿಂದ ಒಂದನ್ನು ಎಳೆದು ಕೊಟ್ಟಳು.

ಬೀಗ ತೆಗೆಯುವ ಕಸುಬಿನಲ್ಲಿ ಒಂದು ರೂಢಿ ಇದೆ. ಮನೆಯವರ ಎದುರಿಗೆ ಬೀಗವನ್ನು ಬೇಗ ತೆಗೆಯಬಾರದು. ಬಿಚ್ಚುವ ಪಟ್ಟು ಕೈಗೆ ಸಿಕ್ಕರೂ ಬಿಡಬೇಕು. "ಬಲು ಗಟ್ಟಿ ಬೀಗ" ಎನ್ನಬೇಕು, ಕುಡಿಯಲು ನೀರು ಕೇಳಬೇಕು, ಬೆವರು ಒರೆಸಿಕೊಳ್ಳಬೇಕು, ಆಮೇಲೆ ತೆಗೆಯಬೇಕು. ಇದು ಮೋಸವಲ್ಲ, ಅಂದು ರಾತ್ರಿ ಆ ಮನೆಯವರಿಗೆ ನಿದ್ದೆ ಬರಬೇಕಲ್ಲ, ಅದಕ್ಕೆ. "ಬೀಗ ಅಂದ್ರೆ ಅರ್ಧ ಕಬ್ಬಿಣ, ಅರ್ಧ ನಂಬಿಕೆ ಕಣೋ. ಕಬ್ಬಿಣ ಬಿಚ್ಚು, ನಂಬಿಕೆ ಬಿಚ್ಚಬೇಡ" ಎಂದು ಕಸುಬು ಕಲಿಸಿದ ಸೋದರಮಾವ ಅವನ ತಲೆಗೆ ಮೊಟಕಿ ಮೊಟಕಿ ಹೇಳಿಕೊಟ್ಟಿದ್ದ. ಅಕ್ಕನ ಬೀರುವಿನ ಮುಂದೆ ಅವನು ಮಧ್ಯಾಹ್ನವನ್ನೆಲ್ಲ ಕಳೆದದ್ದೂ ಈ ರೂಢಿಯಿಂದಲೇ.

ಆದರೆ ಈಗ ಅಕ್ಕ ಕೇಳಿದ್ದಳು. ಕೇಳಿದ್ದನ್ನು ಚೆನ್ನಾಗಿ ಮಾಡಿಕೊಡಬೇಕೆಂಬ ಒಂದೇ ಆಸೆಯಲ್ಲಿ ಬೆರಳುಗಳು ಸೋದರಮಾವನನ್ನು ಮರೆತವು. ಪಿನ್ನನ್ನು ಹಲ್ಲಿನಿಂದ ನೆಟ್ಟಗೆ ಮಾಡಿ, ತುದಿಯನ್ನು ಬಾಗಿಲ ಸಂದಿಯಲ್ಲಿ ಬಗ್ಗಿಸಿ, ಬೀಗದೊಳಗೆ ತೂರಿಸಿದ. ಒಳಗಿನ ತುಂಡು ಕೀಲಿ ಹುಳು ಹೊರಬಂದಂತೆ ಮೆಲ್ಲಗೆ ಹೊರಗೆ ಬಂದು ನೆಲಕ್ಕೆ ಬಿತ್ತು. ಅದೇ ಪಿನ್ನನ್ನು ಮತ್ತೆ ಒಳಗಿಟ್ಟು, ಕಿವಿಗೊಟ್ಟು ತಲೆ ಒಂದಿಷ್ಟು ವಾರೆ ಮಾಡಿ, ಮಣಿಕಟ್ಟು ತಿರುಗಿಸಿದ. ಬೀಗ ಟಕ್ಕೆಂದು ಬಾಯಿಬಿಟ್ಟಿತು. ಸುತ್ತಿಗೆ ತರಲು ಹೋಗಿದ್ದ ಕಂಡಕ್ಟರ್ ಇನ್ನೂ ತನ್ನ ಕೋಣೆಯಿಂದ ಹೊರಗೆ ಬಂದಿರಲಿಲ್ಲ.

ಬೀಗದಣ್ಣ ನಗುತ್ತ ತಿರುಗಿ, ಪಿನ್ನನ್ನು ಅಂಗೈಯ ಮೇಲಿಟ್ಟು ಅಕ್ಕನಿಗೆ ಚಾಚಿದ. ಅಕ್ಕ ತೆಗೆದುಕೊಳ್ಳಲಿಲ್ಲ. ಬೀಗವನ್ನೇ ನೋಡುತ್ತಿದ್ದಳು.

"ಇಷ್ಟೇನಾ?" ಎಂದಳು.

"ಹೂಂ ಅಕ್ಕ, ಅಗ್ಗದ ಬೀಗ ಇದು" ಎಂದ ಅವನು, ಇನ್ನೂ ನಗುತ್ತಲೇ.

"ಅವತ್ತು ಬೀರುಗೆ ಅಷ್ಟು ಹೊತ್ತು ಮಾಡಿದ್ದೆಯಲ್ಲೋ?"

ಅವನ ನಗು ಮುಖದ ಮೇಲೆಯೇ ನಿಂತುಹೋಯಿತು. ಅದು ಬೇರೆ ಬೀಗ ಎನ್ನಬಹುದಾಗಿತ್ತು. ಕಸುಬಿನ ರೂಢಿಯನ್ನು ಬಿಡಿಸಿ ಹೇಳಬಹುದಾಗಿತ್ತು. ಆದರೆ ಅಂದು ಸುರಿದ ಬೆವರು ಬೇಕೆಂದೇ ಸುರಿಸಿದ್ದು ಎಂದು ಹೇಳಿದರೆ, ಇಂದು ಹೇಳುವ ಯಾವ ಮಾತನ್ನು ತಾನೆ ಅವಳು ನಂಬಿಯಾಳು? ಅಷ್ಟರಲ್ಲಿ ಅಕ್ಕ ಒಳಗೆ ಹೋಗಿಯಾಗಿತ್ತು. ನಡುಮನೆಯ ಬಾಗಿಲು ಸದ್ದಿಲ್ಲದೆ ಮುಚ್ಚಿಕೊಂಡಿತು.

ಆಮೇಲೆ ಎಲ್ಲವೂ ಗುಮಾಸ್ತರು ಹೇಳಿದಂತೆಯೇ ನಡೆಯಿತು. ಸಾಮಾನೆಲ್ಲ ಹಗಲಿನಲ್ಲಿ, ಬೀದಿಯವರ ಕಣ್ಣೆದುರಿಗೆ ಗಾಡಿ ಏರಿತು. ಗುಮಾಸ್ತರು ಭಾವನಿಗೆ ಕೋಣೆಯ ನಾಲ್ಕು ಮೂಲೆಯನ್ನೂ ತೋರಿಸಿದರು. ಭಾವ ಕೋಣೆಯ ಕೀಲಿಯನ್ನು ಕೈಗೆ ತೆಗೆದುಕೊಂಡು, ಏನೂ ಬಾಕಿಯಿಲ್ಲವೆಂದು ಒಪ್ಪಿಕೊಂಡರು. ಬಾಡಿಗೆಯವನಿಗೆ ಸಲ್ಲಬೇಕಾದ ಹಕ್ಕಿನಲ್ಲಿ ಒಂದು ಎಳ್ಳಿನಷ್ಟೂ ಕಡಿಮೆಯಾಗಲಿಲ್ಲ.

ಗಾಡಿಯ ಹಿಂದೆ ನಡೆಯುವಾಗ ಗುಮಾಸ್ತರು ತಡೆಯಲಾರದೆ ಬೈದರು. "ಅಲ್ಲಯ್ಯ, ಸುತ್ತಿಗೆ ತರೋಕೆ ಹೋಗಿದ್ನಲ್ಲ. ಅವರ ಬೀಗ ಅವರು ಒಡ್ಕೋತಿದ್ರು. ನಿನಗ್ಯಾಕೆ ಬೇಕಿತ್ತು?"

"ಅಕ್ಕ ಕೇಳಿದ್ರು" ಎಂದ ಬೀಗದಣ್ಣ.

ಗುಮಾಸ್ತರು ಗಾಡಿಗೆ ಒಂದು ಕೈ ಕೊಟ್ಟು ತಳ್ಳಿದರು.

ಹೊಸ ಕೋಣೆ ಒಂಟಿ ಕೋಣೆ, ಯಾರೊಡನೆಯೂ ಹಂಚಿಕೊಳ್ಳಬೇಕಾಗಿರಲಿಲ್ಲ. ಧೂಳು ಹಿಡಿದ ಸ್ಟೌ ಮತ್ತೆ ಉರಿಯತೊಡಗಿತು. ಅಕ್ಕನ ಮನೆಗೆ ಹೋಗಿ ಎಲ್ಲವನ್ನೂ ಹೇಳಿಬಿಡಬೇಕೆಂದು ಬೀಗದಣ್ಣ ಹಲವು ಸಲ ಹೊರಟ. ಆ ಬೀದಿಯ ತಿರುವಿನವರೆಗೆ ಹೋಗಿ ಹಿಂದಿರುಗಿದ. ಹೋದರೆ ಭಾವ ಇರುತ್ತಾರೆ, ಕಂಡಕ್ಟರ್ ಇರುತ್ತಾನೆ, ನಾಳೆ ನೋಡೋಣ ಎಂದುಕೊಂಡ. ನಾಳೆ ಎಂದದ್ದು ವರ್ಷವಾಯಿತು.

ಒಂದು ಬೆಳಗ್ಗೆ ಅಕ್ಕನೇ ಅಂಚೆ ಕಚೇರಿಗೆ ಬಂದಳು, ಮಗಳಿಗೆ ಕಳಿಸುವ ಪಾರ್ಸೆಲ್ ಕಂಕುಳಲ್ಲಿಟ್ಟುಕೊಂಡು. ತುಸು ಇಳಿದುಹೋಗಿದ್ದಳು. ಅವನನ್ನು ಕಂಡು ನಿಂತಳು.

"ಹೇಗಿದ್ದೀಯೋ? ಸರಿಯಾಗಿ ಉಣ್ತೀಯೋ ಇಲ್ವೋ?"

"ಉಣ್ತೀನಿ ಅಕ್ಕ." ಹೇಳಬೇಕೆಂದಿದ್ದ ಮಾತುಗಳಲ್ಲಿ ಹೊರಬಿದ್ದದ್ದು ಒಂದೇ: "ಬಳೆ ಸಿಕ್ಕಿತಾ?"

ಅಕ್ಕ ಇಲ್ಲವೆಂದು ತಲೆಯಾಡಿಸಿದಳು. ಆಮೇಲೆ ಹಿಂದೆ ತಟ್ಟೆ ಮುಂದಿಟ್ಟು ಮಾತಾಡುತ್ತಿದ್ದ ಅದೇ ಮೆದು ದನಿಯಲ್ಲಿ, "ಹೋಗ್ಲಿ ಬಿಡೋ. ಯಾರು ತೊಗೊಂಡಿದ್ರೂ ಏನೋ ಕಷ್ಟ ಇತ್ತು, ತೊಗೊಂಡ್ರು. ನಾನು ಮನಸ್ಸಲ್ಲಿ ಇಟ್ಕೊಂಡಿಲ್ಲ. ನೀನೂ ಇಟ್ಕೋಬೇಡ" ಎಂದಳು.

ಬೈದಿದ್ದರೆ ಎದುರು ಮಾತಾಡಬಹುದಾಗಿತ್ತು. ಅವಳು ಕ್ಷಮಿಸಿಬಿಟ್ಟಿದ್ದಳು. ಆ ಕ್ಷಮೆ ತನಗೆ ಬೇಡ, ತಾನು ಕದ್ದಿಲ್ಲ ಎನ್ನಲು ಬೀಗದಣ್ಣ ಬಾಯಿ ತೆರೆದ. ಅವಳ ಮುಖದಲ್ಲಿ ಎಷ್ಟೋ ದಿನಗಳ ಭಾರ ಇಳಿಸಿದವಳ ನೆಮ್ಮದಿಯಿತ್ತು. ಅವನು ಅರವನ್ನು ಕೈಗೆತ್ತಿಕೊಂಡು ಕೆಳಗೆ ನೋಡಿದ.

"ಹುಷಾರಾಗಿ ಹತ್ತಿ ಅಕ್ಕ" ಎಂದ. "ಮೆಟ್ಟಿಲು ಎತ್ತರ ಇದೆ."