ಅಕ್ಕೋರ ಕತ್ತಾಳೆ ಸಾಲು

ಅವರ ಬೆರಳ ತುದಿಗಳಲ್ಲಿ ಸಾಸಿವೆಯಂಥ ಕಪ್ಪು ಚುಕ್ಕೆಗಳಿದ್ದವು. ಕತ್ತಾಳೆಯ ಮುಳ್ಳು ಚುಚ್ಚಿ ಚುಚ್ಚಿ ಆದದ್ದು. ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು, ಹಾಗಾಗಿ ಹೊನ್ನಾವರದ ನಮ್ಮ ಕೇರಿಗೆಲ್ಲ ಅವರು ಅಕ್ಕೋರು. ಗುಡ್ಡ ಕಡಿದು ಮಾಡಿದ ಜಾಗದಲ್ಲಿ ಅವರದೂ ನಮ್ಮದೂ ಅಕ್ಕಪಕ್ಕದ ಮನೆ. ಹಿಂದೆ ಮನೆಯ ಮಾಡಿಗಿಂತ ಎತ್ತರದ, ನೆಟ್ಟಗೆ ಕಡಿದ ಮಣ್ಣಿನ ಧರೆ, ಅದರ ಬುಡಕ್ಕೆ ಸೊಂಟದೆತ್ತರದ ಚಿರೆಕಲ್ಲು ಗೋಡೆ. ಆ ಗೋಡೆಯ ಮೇಲೆ, ತಗಡಿನ ನೆರಳಲ್ಲಿ, ಅವರ ಕತ್ತಾಳೆ ಕುಂಡಗಳು.

ಬೇಲಿಯ ದೈತ್ಯ ಕತ್ತಾಳೆಯಲ್ಲ, ಅಂಗೈಯಷ್ಟಕ್ಕೇ ನಿಲ್ಲುವ ಕುಳ್ಳ ಜಾತಿ. ಭಟ್ಕಳದ ಗೆಳತಿ ಕೊಟ್ಟ ಒಂದೇ ಮರಿಯಿಂದ ಅಷ್ಟೂ ಆದದ್ದು. ಬುಡದಲ್ಲಿ ಮರಿ ಎದ್ದರೆ ಬ್ಲೇಡಿನಿಂದ ಬಿಡಿಸಿ, ಗಾಯ ಒಣಗುವ ತನಕ ಕಾಗದದ ಮೇಲೆ ಮಲಗಿಸಿಡುತ್ತಿದ್ದರು. ಆಮೇಲೆ ಮರಳು, ಕಲ್ಲಿನ ಚೂರು ಬೆರೆಸಿದ ಮಣ್ಣಿಗೆ. ನಾನು ತಂಬಿಗೆ ಹಿಡಿದರೆ ಸಿಡುಕು: “ನೀರು ಹಾಕಿ ಕೊಲ್ಬೇಡ ಮಾರಾಯ್ತಿ!” ದಿನಾ ಸಂಜೆ ಕುಂಡಗಳನ್ನು ತುಸು ತಿರುಗಿಸಿ, ಪ್ರಾರ್ಥನೆಗೆ ಮಕ್ಕಳನ್ನು ನಿಲ್ಲಿಸಿದಂತೆ ಸಾಲು ನೆಟ್ಟಗೆ ಮಾಡುವರು.

ಅವರದು ಮಹಾ ಪುಕ್ಕಲು ಸ್ವಭಾವ. ಗುಡುಗಿಗೆ, ಗ್ಯಾಸ್ ಸಿಲಿಂಡರಿಗೆ, ಹೈವೇ ದಾಟುವುದಕ್ಕೆ, ಎಲ್ಲಕ್ಕೂ ಹೆದರಿಕೆ. ನಾವು ನಗುತ್ತಿದ್ದೆವು.

ನನ್ನ ಮಗಳಿನ್ನೂ ತೊಟ್ಟಿಲಲ್ಲಿದ್ದ ಆ ಆಷಾಢದಲ್ಲಿ ಮಳೆ ಬಿಡದೆ ಹೊಡೆಯುತ್ತಿತ್ತು. ಒಂದು ಬೆಳಿಗ್ಗೆ ಗೋಡೆಯ ಬಳಿಯಿಂದ ಕೂಗಿದರು.

“ತಂಗಿ, ಕುಂಡ ಎಲ್ಲ ಮನೆ ಬದಿಗೆ ವಾಲಿದ್ದಾವೆ ನೋಡು.”

“ಬೆಕ್ಕು ದೂಡಿದ್ದಿರ್ಬೇಕು ಅಕ್ಕೋರೇ.”

“ಬೆಕ್ಕು ಒಂದು ದೂಡ್ತದೆ. ಸಾಲಿಗೆ ಸಾಲೇ ದೂಡ್ತದಾ? ಗೋಡೆಯೇ ವಾಲ್ತಾ ಉಂಟು. ಮಗು ಎತ್ಕೋ.”

“ಒಲೆ ಮೇಲೆ ಹಾಲು...”

“ಹಾಲು ಹಾಳಾಗ್ಲಿ! ಗ್ಯಾಸ್ ಬಂದ್ ಮಾಡು, ಹೊರಡು!”

ಅವರ ಗಲ್ಲ ನಡುಗುತ್ತಿತ್ತು. ಅದನ್ನು ಕಂಡು ಗ್ಯಾಸ್ ಬಂದ್ ಮಾಡಿದೆ. ತೊಟ್ಟಿಲಿನಿಂದ ಮಗಳನ್ನು ಎತ್ತಿಕೊಂಡು ಓಡಿದೆ. ರಸ್ತೆಯಾಚೆಯ ಜಗುಲಿಯಲ್ಲಿ ಮೂವರೂ ಒತ್ತಿಕೊಂಡು ಕುಳಿತೆವು. “ಅಕ್ಕೋರಿಗೆ ಕತ್ತಾಳೆ ಕಣಿ ಹೇಳ್ತಂತೆ” ಎಂದು ಆ ಮನೆಯವರು ನಕ್ಕರು. ಅಕ್ಕೋರು ನಗಲಿಲ್ಲ, ನನ್ನ ಸೆರಗು ಬಿಡಲೂ ಇಲ್ಲ. ನಾನು ಎರಡು ಸಲ ಬಟ್ಟೆ ತರಲು ಎದ್ದೆ, ಎರಡು ಸಲವೂ ಎಳೆದು ಕೂರಿಸಿದರು.

ಮಧ್ಯಾಹ್ನ, ಲಾರಿಯಿಂದ ಜಲ್ಲಿ ಸುರಿದಂಥ ಸದ್ದು. ಅಷ್ಟೇ. ಹೋಗಿ ನೋಡಿದರೆ ಧರೆ ಕುಸಿದು, ನಮ್ಮ ಹಿಂದಿನ ಕೋಣೆಯೊಳಗೆ ಕಿಟಕಿಯೆತ್ತರಕ್ಕೆ ಕೆಂಪು ಮಣ್ಣು. ತೊಟ್ಟಿಲು ಅದರೊಳಗೆಲ್ಲೋ ಇತ್ತು. ಮಗಳನ್ನು ಅವುಚಿಕೊಂಡು ಅಲ್ಲೇ ಕೂತೆ.

ಆಮೇಲೆ ಅಕ್ಕೋರು ಹೊಳನಗದ್ದೆಯ ತಮ್ಮನ ಮನೆ ಸೇರಿದರು. ಅಲ್ಲಿ ಗುಡ್ಡವಿಲ್ಲ, ಸುತ್ತ ಗದ್ದೆ. ಆದರೂ ಮಳೆ ಹಿಡಿದರೆ ಅವರ ಫೋನ್ ಬರುತ್ತಿತ್ತು. ನಾವು ಹೊಸದಾಗಿ ಸೇರಿದ ಬಾಡಿಗೆ ಮನೆಯ ಹಿಂದೆ ಏನಿದೆ ಎಂದು ಪ್ರತಿ ಸಲ ಕೇಳುವರು. ಏನೂ ಇಲ್ಲ ಎಂದರೂ ನಂಬುತ್ತಿರಲಿಲ್ಲ. ನಿಜ ಹೇಳಬೇಕೆಂದರೆ, ಫೋನ್ ಇಟ್ಟ ಮೇಲೆ ನಾನೂ ಒಮ್ಮೆ ಎದ್ದು ನೋಡಿ ಬರುತ್ತಿದ್ದೆ.

ಈ ಬೇಸಿಗೆಯಲ್ಲಿ ಕುಮಟಾದ ಆಸ್ಪತ್ರೆಯಲ್ಲಿ ಅವರನ್ನು ಕೊನೆಯ ಸಲ ಕಂಡೆ. ಹೊರಗೆ ಸುಡುಬಿಸಿಲು. ಅವರಿಗೆ ಯಾರದೂ ಗುರುತು ಹತ್ತುತ್ತಿರಲಿಲ್ಲ. ಇದ್ದಕ್ಕಿದ್ದಂತೆ ನನ್ನ ಮಣಿಕಟ್ಟು ಹಿಡಿದರು.

“ಮಗು ಎಲ್ಲಿ?”

“ಹೊರಗಿದ್ದಾಳೆ ಅಕ್ಕೋರೇ.”

“ಆತು” ಎಂದು ಕೈ ಬಿಟ್ಟರು.