ಹಕ್ಕಿ ಹೊಡೆಯುವ ಶನಿವಾರಗಳು

ಕ್ಯಾಮೆರಾದೊಳಗೆ ಏನು ಸಿಕ್ಕಿದೆ ಎಂದು ತಿಳಿಯಲು ವಾರಗಟ್ಟಲೆ ಕಾಯಬೇಕಾಗಿದ್ದ ಕಾಲ ಅದು. ರೋಲಿಗೆ ಮೂವತ್ತಾರು ಫೋಟೋ. ತೆಗೆಯುವಾಗ ಉಸಿರು ಹಿಡಿಯಬೇಕು, ತೆಗೆದ ಮೇಲೆ ಮರೆತುಬಿಡಬೇಕು. ಮರೆಯುವುದು ನಮ್ಮ ಮನೆಯಲ್ಲಿ ಯಾರಿಗೂ ಬರುತ್ತಿರಲಿಲ್ಲ. ನಾವು ಚಿಂತೆ ಮಾಡುವ ಜನ. ಮೂವತ್ತು ದಾಟಿರುವ ನಾನು ಇವತ್ತಿಗೂ ಒಲೆ ಆರಿಸಿದೆನೋ ಇಲ್ಲವೋ ಎಂದು ಬಸ್ಸಿಳಿದು ವಾಪಸ್ ಹೋಗುವವಳು.

ಅಪ್ಪ, ಜರ್ಮನಿ ಆಗ ಕಂಪ್ಯೂಟರ್ ಕೆಲಸದವರಿಗೆ ಕೊಡುತ್ತಿದ್ದ ಗ್ರೀನ್ ಕಾರ್ಡ್ ಮೇಲೆ ತುಮಕೂರಿನಿಂದ ಎರ್ಲಾಂಗೆನ್‌ಗೆ ಬಂದವರು. ಆ ಕಾರ್ಡಿಗೆ ಐದೇ ವರ್ಷದ ಆಯಸ್ಸು, ಅದೂ ಕೆಲಸ ಉಳಿದರೆ. ನಾನು ಮೂರನೇ ಕ್ಲಾಸಿನಲ್ಲಿದ್ದ ಆ ವಸಂತದಲ್ಲಿ ಅಪ್ಪನ ಕಂಪನಿ ಒಬ್ಬೊಬ್ಬರನ್ನೇ ಮನೆಗೆ ಕಳಿಸುತ್ತಿತ್ತು. ಯಾರ ಕಣ್ಣಿಗೂ ಬೀಳಬಾರದು ಎಂಬುದು ಅಮ್ಮನ ಏಕೈಕ ಕಾನೂನು. ಊರೆಲ್ಲ ಸದ್ದಡಗಿರುವ ಭಾನುವಾರ ಕುಕ್ಕರ್ ಕೂಗಿದರೆ ಓಡಿಹೋಗಿ ಕಿಟಕಿ ಮುಚ್ಚುತ್ತಿದ್ದಳು.

ಅಪ್ಪನಿಗಿದ್ದ ಒಂದೇ ಬಿಡುಗಡೆ ಶನಿವಾರ. "ನಡಿ ಪುಟ್ಟಿ, ಹಕ್ಕಿ ಹೊಡ್ಕೊಂಡು ಬರೋಣ" ಎನ್ನುತ್ತಿದ್ದರು. ಹಕ್ಕಿಯ ಫೋಟೋ ಹೊಡೆಯುವುದು ಎಂಬುದರಲ್ಲಿ ಫೋಟೋ ಯಾವಾಗಲೋ ಉದುರಿಹೋಗಿ, ಹಕ್ಕಿ ಹೊಡೆಯುವುದು ಎಂದಷ್ಟೇ ಉಳಿದಿತ್ತು. ಹಳೆ ಸಾಮಾನಿನ ಸಂತೆಯಲ್ಲಿ ಕೊಂಡ ಮೊಳದುದ್ದದ ಲೆನ್ಸು ಹೊಳೆದು ಹಕ್ಕಿಗಳು ಹೆದರಬಾರದೆಂದು ಅದಕ್ಕೆ ಅಮ್ಮನ ಹಳೇ ಹಸಿರು ಸೀರೆಯ ತುಂಡು ಸುತ್ತಿರುತ್ತಿದ್ದರು. ಡಬ್ಬಿಯಲ್ಲಿ ಚಿತ್ರಾನ್ನ. ಸೈಕಲ್ ಹತ್ತಿ ಊರಾಚೆಯ ಮೀನಿನ ಕೆರೆಗಳ ಕಡೆ ಹೊರಟರೆ, ಕೆರೆಗೆ ಮುಂಚೆ ಕೆಸರಿನ ವಾಸನೆ ಸಿಗುತ್ತಿತ್ತು.

ಆ ಶನಿವಾರ ಅಪ್ಪ ಜೊಂಡಿನೊಳಗೆ ಬೋರಲು ಮಲಗಿದ್ದರು. ನನ್ನ ಕೆಲಸ ದಂಡೆಯ ದಾರಿಯಲ್ಲಿ ನಿಂತು ಸೈಕಲ್ ಕಾಯುವುದು, ಸೀನು ಬಂದರೆ ನುಂಗುವುದು. ನೀರಿನ ಮೇಲೆ ಜುಟ್ಟಿನ ಗುಳುಮುಳುಕ ಹಕ್ಕಿಯೊಂದು ತೇಲುತ್ತಿತ್ತು. ಬೆನ್ನಿನ ರೆಕ್ಕೆಗಳ ನಡುವಿನಿಂದ ಪಟ್ಟೆಪಟ್ಟೆ ತಲೆಯೊಂದು ಇಣುಕಿತು. ಮರಿ. ಅದರ ಹಿಂದೆ ಇನ್ನೊಂದು. ಮೂರು ವಾರಗಳಿಂದ ಅಪ್ಪ ಇದಕ್ಕಾಗಿಯೇ ಬರುತ್ತಿದ್ದರು. ಟಕ್ ಎಂದು ಸದ್ದಾಯಿತು. ಜೊಂಡಿನ ಮೇಲೆ ಅಪ್ಪನ ಹೆಬ್ಬೆರಳು ಎದ್ದು ನಿಂತಿತು.

ಆಗಲೇ ನಾಯಿ ಹಿಡಿದುಕೊಂಡು ಒಬ್ಬ ಅಜ್ಜ ಬಂದರು. ಅಲ್ಲಿ ಮಲಗಿರುವವರು ಯಾರು, ಏನು ಮಾಡುತ್ತಿದ್ದಾರೆ ಎಂದು ಕೇಳಿದರು. ಮನೆಯಲ್ಲಿ ಜರ್ಮನ್ ಬರುತ್ತಿದ್ದವಳು ನಾನೊಬ್ಬಳೇ. ಶಾಲೆಯ ಅಂಗಳದಲ್ಲಿ ಚೆಂಡು ಹೊಡಿ ಎನ್ನುವುದಕ್ಕೆ ಹುಡುಗರು 'ಶೀಸ್!' ಎಂದು ಕಿರುಚುತ್ತಿದ್ದರು. ಹಾಗಾಗಿ ನನ್ನ ಲೆಕ್ಕದಲ್ಲಿ ಹೊಡೆಯುವುದೆಲ್ಲ ಶೀಸ್. ನಮ್ಮಪ್ಪ ಹಕ್ಕಿಗಳನ್ನು ಶೀಸ್ ಮಾಡುತ್ತಾರೆ ಎಂದೆ.

ಗುಂಡು ಹೊಡೆಯುವುದಕ್ಕೂ ಅದೇ ಪದ ಎಂದು ನನಗೆ ಗೊತ್ತಿರಲಿಲ್ಲ.

ಎಷ್ಟು ಎಂದು ಅಜ್ಜ ಕೇಳಿದರು. ಒಂದು ಸಲಕ್ಕೆ ಮೂವತ್ತಾರು ಎಂದೆ, ಹೆಮ್ಮೆಯಿಂದಲೇ. ಆಮೇಲೆ ಏನು ಮಾಡುತ್ತೀರಿ ಎಂದರು. ರೋಲು ಕೆಡಬಾರದೆಂದು ಅಪ್ಪ ಮೊಸರಿನ ಪಕ್ಕ ಇಡುತ್ತಿದ್ದುದು ನೆನಪಾಗಿ, ಫ್ರಿಜ್‌ನಲ್ಲಿ ಇಡುತ್ತೇವೆ ಎಂದೆ. ಅಜ್ಜ ನಾಯಿಯನ್ನು ಹತ್ತಿರಕ್ಕೆ ಎಳೆದುಕೊಂಡು, ದೂರ ಹೋಗಿ ಫೋನ್ ತೆಗೆದರು.

ಪೊಲೀಸ್ ಕಾರು ಸದ್ದಿಲ್ಲದೆ ಬಂತು. ಒಬ್ಬ ಗಂಡಸು, ಒಬ್ಬ ಹೆಂಗಸು. ಹೆಂಗಸು ನನ್ನನ್ನು ಮೆಲ್ಲಗೆ ಕಾರಿನ ಹಿಂದಕ್ಕೆ ಸರಿಸಿದಳು. ಅಷ್ಟರಲ್ಲಿ ಅಪ್ಪ ಜೊಂಡು ಸರಿಸಿ ಎದ್ದರು. ಮೈಯೆಲ್ಲ ಕೆಸರು, ಎದೆಗೆ ಅವಚಿದ ಹಸಿರು ಬಟ್ಟೆಯ ಉದ್ದನೆಯ ವಸ್ತು. ಪೊಲೀಸಿನವನ ಕೈ ಸೊಂಟಕ್ಕೆ ಹೋಯಿತು. ಅದನ್ನು ಕೆಳಗಿಡುವಂತೆ ಜೋರಾಗಿ ಹೇಳಿದ. ಅಪ್ಪನಿಗೆ ಆಫೀಸಿನ ಇಂಗ್ಲಿಷ್ ಬಿಟ್ಟರೆ ಇಲ್ಲಿ ಬೇರೇನೂ ತಿಳಿಯುತ್ತಿರಲಿಲ್ಲ. ಇನ್ನೂ ಗಟ್ಟಿಯಾಗಿ ಅವಚಿಕೊಂಡರು.

"ಅಪ್ಪಾ, ಅದನ್ನ ಕೆಳಗಿಡು."

"ನೆಲ ಒದ್ದೆ ಇದೆ ಕಣೇ."

"ಇಡಪ್ಪಾ..."

ಇಟ್ಟರು. ಪೊಲೀಸಿನವನು ಬಗ್ಗಿ ಸೀರೆಯ ಸುತ್ತು ಬಿಚ್ಚಿದ. ಲೆನ್ಸಿನ ಗಾಜು ಕಂಡದ್ದೇ ಅವನ ಭುಜ ಇಳಿಯಿತು. ಹಾಗಾದರೆ ಫ್ರಿಜ್‌ನಲ್ಲಿ ಏನು ಎಂದು ಹೆಂಗಸು ಕೇಳಿದಳು. ಫಿಲ್ಮ್ ಎಂದೆ. ಇಬ್ಬರೂ ನಕ್ಕರು. ಅಜ್ಜನೂ ಹಣೆ ಚಚ್ಚಿಕೊಂಡು ನಕ್ಕರು.

ಅಪ್ಪನಿಗೆ ಆ ನಗು ಅರ್ಥವಾಗಲಿಲ್ಲ. ಅವರಿಗೆ ಕಂಡದ್ದು ಸಮವಸ್ತ್ರ ಮಾತ್ರ, ಅದರ ಹಿಂದೆ ವೀಸಾ ಕಚೇರಿಯ ಕಿಟಕಿ. "ಓನ್ಲಿ ಬರ್ಡ್ಸ್, ಸರ್, ಓನ್ಲಿ ಬರ್ಡ್ಸ್" ಎನ್ನುತ್ತ ಕ್ಯಾಮೆರಾ ಎತ್ತಿಕೊಂಡು ಅದರ ಹಿಂಬಾಗಿಲು ತೆರೆದೇಬಿಟ್ಟರು. ಪೊಲೀಸಮ್ಮ ಬೇಡ ಬೇಡ ಎನ್ನುವಷ್ಟರಲ್ಲಿ ಫಿಲ್ಮು ಸುರುಳಿ ಸುರುಳಿಯಾಗಿ ಬಿಸಿಲಿಗೆ ಬಂದಿತ್ತು. ಮನೆಯಲ್ಲಿ ನಾನು ಆ ಮುಚ್ಚಳ ಮುಟ್ಟಿದರೂ ಗದರುತ್ತಿದ್ದ ಅಪ್ಪ ಅದನ್ನು ಎರಡೂ ಕೈಯಲ್ಲಿ ಚಾಚಿ, ನೋಡಿ ಎಂದು ತೋರಿಸುತ್ತಿದ್ದರು. ಬಿಸಿಲು ತಾಗಿದ ಮೇಲೆ ನೋಡಲು ಅದರಲ್ಲಿ ಏನೂ ಉಳಿದಿರಲಿಲ್ಲ.

ಪಾಸ್‌ಪೋರ್ಟು ಪ್ಲಾಸ್ಟಿಕ್ ಕವರಿನಲ್ಲಿ ಸದಾ ಅವರ ಚೀಲದಲ್ಲೇ ಇರುತ್ತಿತ್ತು. ಪೊಲೀಸಿನವರು ಅದನ್ನು ಮೇಲೆ ಮೇಲೆ ನೋಡಿ ವಾಪಸ್ ಕೊಟ್ಟರು. ಅಜ್ಜ ಕೈ ಕುಲುಕಿ ಕ್ಷಮೆ ಕೇಳಿದರು. ಅಪ್ಪ ಅವರಿಗಿಂತ ಮುಂಚೆಯೇ ಕೇಳಿಯಾಗಿತ್ತು.

ಸೈಕಲ್ ತಳ್ಳಿಕೊಂಡೇ ಬಹಳ ದೂರ ನಡೆದೆವು. ಅಜ್ಜನಿಗೆ ಹೇಳಿದ್ದನ್ನೆಲ್ಲ ಅಪ್ಪನಿಗೆ ಒಪ್ಪಿಸಿ ಬೈಗುಳಕ್ಕೆ ಕಾದೆ, ಬರಲಿಲ್ಲ.

"ಯಾಕಪ್ಪಾ ತೆಗ್ದೆ? ಅವ್ರು ಕೇಳ್ಲೇ ಇಲ್ಲ."

"ಕೇಳೋವರೆಗೂ ಕಾಯೋದು ಬೇಡ ಅನ್ನಿಸ್ತು." ತಿರುವಿನಲ್ಲಿ ಸೈಕಲ್ ನಿಲ್ಲಿಸಿ, "ಇನ್ಮೇಲೆ ಯಾರಾದ್ರೂ ಕೇಳಿದ್ರೆ, ಅಪ್ಪ ಹಕ್ಕಿ ನೋಡ್ತಿದಾರೆ ಅನ್ನು."

ಚಿತ್ರಾನ್ನದ ಡಬ್ಬಿ ಮುಚ್ಚಿದ್ದ ಹಾಗೇ ಮನೆಗೆ ಬಂತು. ಅಮ್ಮ ಮುಚ್ಚಳ ತೆಗೆದು ನಮ್ಮಿಬ್ಬರ ಮುಖ ನೋಡಿದಳು, ಎದ್ದುಹೋಗಿ ಕಿಟಕಿ ಮುಚ್ಚಿದಳು.

ಕೆಲಸ ಉಳಿಯಿತು, ಐದು ವರ್ಷ ಹೋಗಿ ಇಷ್ಟು ವರ್ಷವಾಯಿತು, ಪಾಸ್‌ಪೋರ್ಟಿನ ಬಣ್ಣವೂ ಬದಲಾಯಿತು. ಲೆನ್ಸು ನೆಲಮಾಳಿಗೆಯ ಪಾಲಾಯಿತು. ಶನಿವಾರ ಅಂಗಡಿ ಸಾಮಾನಿನ ದಿನವಾಯಿತು. ನನ್ನ ಫೋನಿನಲ್ಲಿ ಈಗ ಸಾವಿರಾರು ಹಕ್ಕಿಗಳಿವೆ, ಒಂದಕ್ಕೂ ನಾನು ಉಸಿರು ಹಿಡಿದವಳಲ್ಲ. ಆ ಗುಳುಮುಳುಕದ ಚಿತ್ರ ಎಲ್ಲೂ ಇಲ್ಲ. ಹಕ್ಕಿ ಹೊಡೆಯೋಣ ಎಂಬ ಮಾತೂ ಮನೆಯಲ್ಲಿ ಮತ್ತೆ ಕೇಳಲಿಲ್ಲ. ನನ್ನ ಮಗಳಿಗೆ ಅದನ್ನು ವಿವರಿಸಲು ಹೋದರೆ ಜರ್ಮನ್‌ನಲ್ಲಿ ಹೇಳಬೇಕು, ಹೇಳಿದರೆ ಮತ್ತೆ ಅದೇ ತಪ್ಪಾಗುತ್ತದೆ.

ಕಳೆದ ವಸಂತದಲ್ಲಿ ನಿವೃತ್ತ ಅಪ್ಪನನ್ನು ಅದೇ ಕೆರೆಗೆ ಕರೆದೊಯ್ದೆ. ನಮ್ಮ ಅದೃಷ್ಟಕ್ಕೆ ಗುಳುಮುಳುಕವೊಂದು ಮರಿ ಹೊತ್ತು ಹತ್ತಿರಕ್ಕೇ ತೇಲಿಬಂತು. ನನ್ನ ಫೋನನ್ನು ಅವರ ಕೈಗಿಟ್ಟು, "ಹೊಡಿ ಅಪ್ಪ" ಎಂದೆ.

ಸುತ್ತ ಕನ್ನಡ ತಿಳಿಯುವ ಒಂದು ಜೀವವೂ ಇರಲಿಲ್ಲ. ಆದರೂ ಅಪ್ಪ "ಶ್" ಎಂದು, ತಿರುಗಿ ದಾರಿಯ ಕಡೆ ನೋಡಿದರು. ಮತ್ತೆ ಇತ್ತ ತಿರುಗುವಷ್ಟರಲ್ಲಿ ಹಕ್ಕಿ ಜೊಂಡು ಸೇರಿತ್ತು.